ಮುಚ್ಚಿದ ಕೋಣೆಯಲ್ಲಿ ಕುದಿದ ನೀರು

ಬಾಗಿಲು ತೆರೆದಾಗ ಕೋಣೆಯೊಳಗೆ ನೀರು ಕುದಿಯುತ್ತಿತ್ತು.

ಮೊಗ್ರಾಲಿನ ಹರಿನಾಥ ತೀರಿಕೊಂಡು ಅಂದಿಗೆ ಹದಿಮೂರು ದಿನ. ರೂಢಿಯಂತೆ ಅವನ ಕೋಣೆಯಲ್ಲಿ ಎಲೆ ಹಾಕಿ, ಅವನಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಕನ್ನಡಕ, ಮೊಬೈಲು, ದುಬೈಯಿಂದ ತಂದಿದ್ದ ಎಲೆಕ್ಟ್ರಿಕ್ ಕೆಟಲ್ ಇಟ್ಟು, ಸತ್ತವನು ಬಂದು ಉಣ್ಣಲೆಂದು ಬಾಗಿಲು ಮುಚ್ಚಿದ್ದರು. ಇಪ್ಪತ್ತು ನಿಮಿಷ ಮನೆಮಂದಿಯೆಲ್ಲ ಚಾವಡಿಯಲ್ಲಿ ಮಾತಿಲ್ಲದೆ ಕಾದರು. ಈಗ ನೋಡಿದರೆ ಕೆಂಪಗೆ ಮಿಣುಕುವ ಬಲ್ಬಿನ ಕೆಳಗೆ ಕೆಟಲಿನ ಮೂತಿಯಿಂದ ಹಬೆ ಏಳುತ್ತಿದೆ, ಮೊಬೈಲು ಮಾಯ! ಎಲ್ಲರ ಕಣ್ಣೆದುರೇ ಕೆಟಲ್ ಟಿಕ್ಕೆಂದು ತಾನಾಗಿ ಆರಿತು.

ಸತ್ಯವತಿ ಟೀಚರ ಜೊತೆ ಅಂದಿನ ಊಟಕ್ಕೆ ಬಂದಿದ್ದ ವಿಷ್ಣುಪ್ರಸಾದ ಒಂದು ಹೆಜ್ಜೆ ಹಿಂದೆ ಸರಿದ. ಟೀಚರು ಕುಂಬಳೆಯ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಅವನು ಅವರ ಲ್ಯಾಬಿನ ಸಹಾಯಕ. ನಿವೃತ್ತಿಯಾದ ಮೇಲೆ ಟೀಚರು ಊರಿನ ಕಳವು, ಕಗ್ಗಂಟುಗಳನ್ನು ಬಿಡಿಸತೊಡಗಿದರು. ಅವರ ಮೀಟರುಗಳ ಚೀಲ ಹೊರುವವನು ಈಗಲೂ ಅವನೇ. ಕಳ್ಳರಿಗೆ ಅವನು ಹೆದರುವವನಲ್ಲ. ಪ್ರೇತದ ವಿಷಯ ಮಾತ್ರ ಬೇರೆ.

"ತಮ್ಮ ಬಂದ..." ಎಂದು ಹರಿನಾಥನ ಅಕ್ಕ ಕಿನ್ನಿ ಅಲ್ಲೇ ಕುಸಿದು ಕುಳಿತರು.

ಹರಿನಾಥನ ಅಣ್ಣ ಶ್ರೀರಾಮರಿಗೆ ಸಿಟ್ಟು ನೆತ್ತಿಗೇರಿತು. "ಪ್ರೇತವೂ ಇಲ್ಲ, ಎಂತದ್ದೂ ಇಲ್ಲ! ಈ ಕೆಟಲಿಗೆ ಐದೇ ನಿಮಿಷ ಸಾಕು. ಐದು ನಿಮಿಷದ ಹಿಂದೆ ಚಾವಡಿಯಿಂದ ಎದ್ದು ಹೋದವಳು ಈ ನಮಿತಾ ಒಬ್ಳೇ. ಹಿಂದಿನ ಕಿಟಕಿಯಿಂದ ಕೈ ಹಾಕಿದ್ರೆ ಸ್ವಿಚ್ಚೂ ಸಿಗ್ತದೆ, ಮೊಬೈಲೂ ಸಿಗ್ತದೆ."

"ನಾನು ಬಾವಿಕಟ್ಟೆಯಲ್ಲಿ ಅಳ್ತಾ ಇದ್ದೆ ದೊಡ್ಡಪ್ಪ," ಎಂದಳು ನಮಿತಾ.

ಅವಳು ಹರಿನಾಥನ ಒಬ್ಬಳೇ ಮಗಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಕಿನ್ನಿಯಕ್ಕ. ಶಶಾಂಕನನ್ನು ಮದುವೆಯಾಗುತ್ತೇನೆಂದು ಅವಳು ಹೇಳಿದಾಗ ದೊಡ್ಡಪ್ಪ ಸುತರಾಂ ಒಪ್ಪಿರಲಿಲ್ಲ. ಹರಿನಾಥ ಆಸ್ಪತ್ರೆಯಲ್ಲಿ ಮಗಳನ್ನು ಕರೆದು, ತನ್ನ ಮಾತನ್ನು ಮೊಬೈಲಿನಲ್ಲಿ ಹೇಳಿಟ್ಟಿದ್ದೇನೆ, ಆಮೇಲೆ ಕೇಳು ಎಂದಿದ್ದ. ಹದಿಮೂರು ದಿನ ಕಳೆಯದೆ ಸತ್ತವರ ವಸ್ತು ಮುಟ್ಟಬಾರದೆಂದು ಅವಳು ಪಾಪ, ಕಾದೇ ಕಾದಿದ್ದಳು.

"ಅಪ್ಪ ಬೇಡ ಅಂದಿರಬೇಕು. ಅದಕ್ಕೇ ಮೊಬೈಲು ಅಡಗಿಸಿ, ಅಪ್ಪನೇ ಬಂದದ್ದು ಅಂತ ನಾಟಕ ಆಡಿದ್ದಾಳೆ," ಎಂದು ಶ್ರೀರಾಮರು ಗುಡುಗಿದರು.

ಟೀಚರು ಚಾವಡಿಯನ್ನೊಮ್ಮೆ ನೋಡಿದರು. ತಲೆಯ ಮೇಲೆ ಫ್ಯಾನು ರೆಕ್ಕೆ ಎಣಿಸುವಷ್ಟು ನಿಧಾನ ತಿರುಗುತ್ತಿತ್ತು. ಫ್ರಿಜ್ಜಿನ ಮೇಲಿದ್ದ ಸ್ಟೆಬಿಲೈಸರಿನ ಮುಳ್ಳು ನೂರ ಹದಿನೈದು ವೋಲ್ಟಿನಲ್ಲಿ ನಿಂತಿತ್ತು. ಪಕ್ಕದ ಹಿತ್ತಲಿನಲ್ಲಿ ಮೀನಿಗೆ ಐಸ್ ಮಾಡುವ ಪ್ಲಾಂಟ್ ಭರ್ರೆಂದು ಓಡುತ್ತಿತ್ತು.

"ಒಳಗೆ ಯಾರೆಲ್ಲ ಹೋದದ್ದು?" ಎಂದು ಟೀಚರು ಕೇಳಿದರು.

"ಮೊದಲು ನಮಿತಾ ಎಲೆ ಹಾಕಿ ಬಡಿಸಿದ್ಳು. ಮತ್ತೆ ನಾನು ಕನ್ನಡಕ, ಮೊಬೈಲು ಇಟ್ಟು ಬಂದೆ. ಕಡೆಗೆ ಅಕ್ಕ ಕೆಟಲಿಗೆ ನೀರು ತುಂಬಿಸಿ ಬಾಗಿಲು ಎಳೆದ್ರು," ಎಂದರು ಶ್ರೀರಾಮರು.

"ಮೂರು ಗಂಟೆಗೆ ಎಲ್ಲರೂ ಇಲ್ಲಿ ಸೇರಿ," ಎಂದರು ಟೀಚರು.

ಮೂರಕ್ಕೆ ಎಂದಿನಂತೆ ಪ್ಲಾಂಟಿನ ಸದ್ದು ನಿಂತಿತು; ಬಲ್ಬು ಬೆಳ್ಳಗೆ ಬೆಳಗಿತು. ಟೀಚರು ಎಲ್ಲರೆದುರು ಕೆಟಲ್ ತುಂಬಿಸಿ ಸ್ವಿಚ್ ಹಾಕಿ, ಮೀಟರು ಹಿಡಿದರು. ಆ ಕೋಣೆಗೆ ಕಾಲಿಡುವ ಮುಂಚೆ ವಿಷ್ಣುಪ್ರಸಾದ ಖಾಲಿ ಮಂಚಕ್ಕೆ ಕೈಮುಗಿದದ್ದನ್ನು ಅವರು ಕಂಡೂ ಕಾಣದಂತಿದ್ದರು.

"ಈಗ ವೋಲ್ಟೇಜ್ ಇನ್ನೂರ ಮೂವತ್ತು, ಕರೆಂಟ್ ಆರೂವರೆ ಆಂಪಿಯರ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ್ರೆ ಕೆಟಲಿನ ರೆಸಿಸ್ಟೆನ್ಸ್ ಸಿಗ್ತದೆ, ಸುಮಾರು ಮೂವತ್ತೈದು ಓಮ್. ಎರಡನ್ನೂ ಗುಣಿಸಿದ್ರೆ ಪವರ್, ಹೆಚ್ಚುಕಮ್ಮಿ ಸಾವಿರದೈನೂರು ವಾಟ್. ನೋಡಿ, ಐದು ನಿಮಿಷಕ್ಕೆ ಕುದಿಯಿತು."

"ನಾನು ಹೇಳಿದ್ದೂ ಅದನ್ನೇ!" ಎಂದರು ಶ್ರೀರಾಮರು.

"ಆದರೆ ಆಗ ಪ್ಲಾಂಟ್ ಓಡ್ತಾ ಇತ್ತು, ಅದು ಓಡಿದ್ರೆ ಸುತ್ತಲಿನ ಮನೆಗಳಲ್ಲಿ ವೋಲ್ಟೇಜ್ ಇಳೀತದೆ. ವೋಲ್ಟೇಜ್ ನೂರ ಹದಿನೈದು, ಸರೀ ಅರ್ಧ. ಕೆಟಲ್ ಅದೇ, ಅದರ ರೆಸಿಸ್ಟೆನ್ಸೂ ಅದೇ. ಹಾಗಾಗಿ ಕರೆಂಟೂ ಅರ್ಧ, ಮೂರೂಕಾಲು. ಗುಣಿಸು ವಿಷ್ಣು."

ವಿಷ್ಣುಪ್ರಸಾದ ಬೆರಳು ಮಡಿಸಿದ. "ಮುನ್ನೂರ ಎಪ್ಪತ್ತನಾಲ್ಕು... ಕಾಲು ಭಾಗ ಮಾತ್ರ ಟೀಚರೇ!"

"ಪವರ್ ಕಾಲು ಭಾಗಕ್ಕೆ ಇಳಿದ್ರೆ ಹೊತ್ತು ನಾಲ್ಕು ಪಟ್ಟು. ಇಪ್ಪತ್ತು ನಿಮಿಷ. ಹರಿನಾಥ ಚಾ ಮಾಡ್ತಿದ್ದದ್ದು ಬೆಳಗ್ಗೆ, ಪ್ಲಾಂಟ್ ಶುರುವಾಗುವ ಮೊದಲು. ಹಾಗಾಗಿ ನಿಮಗೆಲ್ಲ ಐದು ನಿಮಿಷದ ಲೆಕ್ಕ ಮಾತ್ರ ಗೊತ್ತು. ನಮಿತಾ ಹೊರಗೆ ಹೋದಾಗ ನೀರು ಆಗಲೇ ಕಾಯ್ತಾ ಇತ್ತು. ಅಂದರೆ ಸ್ವಿಚ್ ಹಾಕಿದ್ದು ಬಾಗಿಲು ಮುಚ್ಚಿದವರೇ."

ಟೀಚರ ದನಿ ಮೆತ್ತಗಾಯಿತು. "ಸ್ವಿಚ್ ಹಾಕಿದ್ದು ತಪ್ಪಲ್ಲ. ಆದರೆ ಸಾಕಿದ ಹುಡುಗಿಯ ಮೇಲೆ ಕಳವಿನ ಅಪವಾದ ಬಂದಾಗಲೂ ನೀವು ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ನಮಿತಾಳ ಮೇಲಿನ ಗುಮಾನಿ ಹೋಗಿ, ಮೊಬೈಲಿನ ಹತ್ತಿರ ಕಡೆಗೆ ಇದ್ದದ್ದು ಯಾರು ಅಂತ ಕೇಳ್ತಿದ್ರು. ಅಲ್ವಾ ಕಿನ್ನಿಯಕ್ಕ?"

ಕಿನ್ನಿಯಕ್ಕ ಸೊಂಟದ ಮಡಿಕೆಯಿಂದ ಮೊಬೈಲು ತೆಗೆದು ನೆಲದ ಮೇಲಿಟ್ಟರು.

"ಅವನಿಗೆ ತಣ್ಣೀರು ಇಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಸ್ವಿಚ್ ಹಾಕಿದೆ. ಆಸ್ಪತ್ರೆಗೆ ಹೋಗುವ ದಿನ ಜಗಳದಲ್ಲಿ 'ಹಾಳಾಗಿ ಹೋಗು' ಅಂದಿದ್ದೆ. ಇದರಲ್ಲಿ ನನ್ನನ್ನು ಶಪಿಸಿದ್ದಾನೋ ಅಂತ ಹೆದರಿ ತೆಗೆದೆ. ಮತ್ತೆ ಐದು ನಿಮಿಷ ಆಯ್ತು, ಹತ್ತು ಆಯ್ತು, ಕುದಿಯುವ ಶಬ್ದವೇ ಇಲ್ಲ. ಸ್ವಿಚ್ ಬೀಳ್ಲಿಲ್ಲ ಅಂದ್ಕೊಂಡೆ. ಬಾಗಿಲು ತೆಗೆದ್ರೆ ಕುದೀತಾ ಉಂಟು! ಅವನೇ ಬಂದು ಹಾಕಿದ್ದು, ಇನ್ನು ನನ್ನನ್ನು ಬಿಡುವುದಿಲ್ಲ ಅಂತ ನಾಲಿಗೆಯೇ ಏಳ್ಲಿಲ್ಲ."

ನಮಿತಾ ಮೊಬೈಲನ್ನು ಚಾರ್ಜಿಗೆ ಹಾಕಿ ತೆರೆದಳು. ಹರಿನಾಥನ ದಣಿದ ದನಿ ಕೋಣೆ ತುಂಬಿತು. ವಿಷ್ಣುಪ್ರಸಾದ ಮತ್ತೆ ಮಂಚದ ಕಡೆ ಕೈಮುಗಿದ.

"ಮಗಾ, ಶಶಾಂಕ ಒಳ್ಳೆ ಹುಡುಗ. ನನ್ನ ಒಪ್ಪಿಗೆ ಉಂಟು. ದೊಡ್ಡಪ್ಪ ಬೇಡ ಅಂದ್ರೆ ಇದನ್ನೇ ಕೇಳಿಸು..."

ಒಂದು ಕೆಮ್ಮು. ಅಷ್ಟಕ್ಕೇ ನಿಂತಿತು. ಶ್ರೀರಾಮರು ತಲೆ ತಗ್ಗಿಸಿದರು.

"ನನ್ನ ವಿಷಯ ಎಂತದ್ದೂ ಹೇಳ್ಲಿಲ್ವಾ?" ಎಂದರು ಕಿನ್ನಿಯಕ್ಕ.

ಶಾಪವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಯಾವ ಪ್ರೇತಕ್ಕಿಂತಲೂ ಇದೇ ಕಷ್ಟ ಎನಿಸಿತು ವಿಷ್ಣುಪ್ರಸಾದನಿಗೆ.

ನಮಿತಾ ಕಿನ್ನಿಯಕ್ಕನ ಪಕ್ಕದಲ್ಲಿ ನೆಲಕ್ಕೆ ಕುಳಿತು, ಅವರ ಕೈ ಹಿಡಿದುಕೊಂಡಳು.

"ಅಪ್ಪ ಹೇಳ್ಲಿಲ್ಲ ಅತ್ತೆ. ನಾನು ಹೇಳ್ತೇನೆ. ನನ್ನ ಮದುವೆಯಲ್ಲಿ ಧಾರೆ ಎರೆಯಲಿಕ್ಕೆ ನೀವೇ ನಿಲ್ಲಬೇಕು."

ತಮ್ಮ ಹೋದ ಮೇಲೆ ಒಂದು ಹನಿಯೂ ಕಣ್ಣೀರು ಹಾಕದಿದ್ದ ಕಿನ್ನಿಯಕ್ಕ ಆಗ ಬಾಯಿಬಿಟ್ಟು ಅತ್ತರು.