ಚಿಕ್ಕರಸಿನಕೆರೆ ರಸ್ತೆಯ ಎಣ್ಣೆ ಲಾರಿ

ಮಗ್ಗುಲಿಗೆ ಹೊರಳಿಸಿದಾಗ ಮುಖ ಕಂಡಿತು. ದಫೇದಾರ್ ಹೊನ್ನಯ್ಯ ಹಿಡಿದಿದ್ದ ಭುಜವನ್ನು ಮೆಲ್ಲಗೆ ಬಿಟ್ಟ.

ಸತ್ತು ಬಿದ್ದಿದ್ದವಳು ಅವನ ಹೆಂಡತಿ ಚಲುವಮ್ಮ. ಯುದ್ಧ ಶುರುವಾದ ಮೇಲೆ ಬಸ್ಸುಗಳನ್ನು ನಂಬುವಂತಿರಲಿಲ್ಲ. ಚಿಕ್ಕರಸಿನಕೆರೆಯ ತವರಿಗೆಂದು ಕೋಳಿ ಕೂಗುವ ಹೊತ್ತಿಗೇ ಮದ್ದೂರಿನಿಂದ ನಡೆದು ಹೊರಟಿದ್ದಳು. ಸೊಂಟದ ಮೇಲೆ ಚಕ್ರ ಹರಿದಿತ್ತು.

ಠಾಣೆಗೆ ಸುದ್ದಿ ತಂದಿದ್ದ ಗಾಡಿಯ ಬೋರಯ್ಯ ದೂರದಲ್ಲೇ ನಿಂತಿದ್ದ. ಹೆಂಗಸು ಯಾರೆಂದು ಅವನಿಗೆ ತಿಳಿಯದು.

"ಲಾರಿ ಕಣ್ ಸ್ವಾಮಿ. ದೀಪ ಇಲ್ದೆ ಬತ್ತು. ಎತ್ತ ಪಕ್ಕಕ್ ಎಳ್ಕಂಡೆ. ಎಣ್ಣೆ ಲಾರಿ. ವಾಸ್ನೆ ಬಡೀತು."

"ಎಣ್ಣೆ ಲಾರಿ ಅಂದ್ರೆ ಬಾಬು ಜಾನ್‌ದೇಯ" ಎಂದ ಪೇದೆ ಲಿಂಗಯ್ಯ.

ಅದು ಊರಿಗೆಲ್ಲ ಗೊತ್ತಿತ್ತು. ಡೀಸೆಲ್ ಸಿಗದ ಕಾಲ. ಮದ್ದೂರಿನ ಮೆಕ್ಯಾನಿಕ್ ಬಾಬು ಜಾನ್ ಹೊಂಗೆಬೀಜವನ್ನು ಗಾಣಕ್ಕೆ ಹಾಕಿಸಿ, ಎಣ್ಣೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ ತನ್ನ ಲಾರಿ ಓಡಿಸುತ್ತಿದ್ದ.

ಹೊನ್ನಯ್ಯ ಬಗ್ಗಿ ನೋಡಿದ. ಧೂಳಿನಲ್ಲಿ ಸಾಲಾಗಿ ಎಣ್ಣೆಯ ಹನಿಗಳು. ಒಂದೊಂದಕ್ಕೂ ಇರುವೆ ಮುತ್ತಿದ್ದವು.

* * *

ಠಾಣೆಯ ಮುಂದೆ ಜನ ಸೇರಿದ್ದರು. ಬಾಬು ಜಾನನನ್ನು ಎಳೆತರುವಾಗ ಯಾರೋ ಹೊಡೆದು ತುಟಿ ಒಡೆದಿತ್ತು.

"ಹೊನ್ನಯ್ಯ, ನೀನು ಮನೆಗೆ ಹೋಗು" ಎಂದರು ಸಬ್‌ಇನ್ಸ್‌ಪೆಕ್ಟರು.

"ಹೋಗಿ ಏನ್ ಮಾಡ್ಲಿ ಸಾರ್?"

ಅವರು ಬಾಬು ಜಾನನನ್ನು ಮುಂದಕ್ಕೆ ಕರೆಸಿದರು.

ಬಾಬು ಜಾನ್ ಹೊನ್ನಯ್ಯನನ್ನೇ ನೋಡುತ್ತಿದ್ದ. "ದಫೇದಾರ್ರೇ, ನನ್ ಹೆಂಡ್ತಿ ಜಾನ್ ಬೀ ಬಾಣಂತನದಲ್ಲಿ ನೀರು ಹಾಕಿದ್ದು ಚಲುವಮ್ಮಕ್ಕ. ಅವ್ರನ್ನ ರಸ್ತೇಲಿ ಬಿಟ್ಟು ಓಡ್ತೀನಾ? ನನ್ ಗಾಡಿ ಇವತ್ತು ಸ್ಟಾರ್ಟೇ ಆಗಿಲ್ಲ. ಎಣ್ಣೆ ಅಂಟು ಕಟ್ಟಿ ಪಂಪು ಕೂತ್ಬಿಟ್ಟೈತೆ."

ಬಿಚ್ಚಿಟ್ಟ ಪಂಪನ್ನು ಹೊನ್ನಯ್ಯ ಬಾಬು ಜಾನನ ಲಾರಿ ನಿಂತಲ್ಲಿಗೆ ಹೋಗಿ ನೋಡಿದ. ಆದರೆ ಅದನ್ನು ಬೆಳಗ್ಗೆ ಲಾರಿ ಹರಿಸಿ ಬಂದ ಮೇಲೂ ಬಿಚ್ಚಿರಬಹುದು. ಡಬ್ಬಿಯಲ್ಲಿದ್ದ ಹೊಂಗೆ ಎಣ್ಣೆಯನ್ನು ಗೋಡೆಯ ಬುಡದಲ್ಲಿ ಹರಿಯುತ್ತಿದ್ದ ಇರುವೆ ಸಾಲಿನ ಮೇಲೆ ಚೂರು ಸುರಿದ. ಇರುವೆಗಳು ಚೆದುರಿದವು. ಬಹಳ ಹೊತ್ತು ನಿಂತ. ಒಂದೂ ತಿರುಗಿ ಬರಲಿಲ್ಲ.

ಠಾಣೆಗೆ ಮರಳಿ ಬೋರಯ್ಯನನ್ನು ಮತ್ತೆ ಕರೆದ. "ಎಂಥಾ ವಾಸ್ನೆ ಬಂತು?"

"ಅಪ್ಪಳ ಕರ್ದಂಗೆ. ಅಸಿವಾಯ್ತು ಕಣ್ ಸ್ವಾಮಿ, ಸುಳ್ಯಾಕೆ."

"ಕಣ್ಣು ಉರೀತಾ?"

"ಇಲ್ವಲ್ಲ."

ಹೊನ್ನಯ್ಯ ಬಾಬು ಜಾನನ ಕಡೆ ತಿರುಗಿದ. "ಈ ವಿದ್ಯೆ ಇನ್ಯಾರಿಗೆ ಕಲ್ಸಿದ್ದೆ?"

"ಗುತ್ತಲಿನ ಸಿದ್ದರಾಮಣ್ಣಂಗೆ ಒಬ್ರಿಗೇ. ಎಣ್ಣೆ ಕಾಯೋಕೆ ಅವ್ರ ಲಾರಿಗೆ ತಾಮ್ರದ ಪೈಪು ಹಾಕ್ಕೊಟ್ಟೆ. ಆಮೇಲೆ ಹೊಂಗೆ ಸರಿಹೋಗ್ಲಿಲ್ಲ, ಗಾಡಿ ನಿಲ್ಸಿದೆ ಅಂದ್ರು."

* * *

ಸಿದ್ದರಾಮು ಜಮೀನಿದ್ದ ಕುಳ. ಎಲೆಯಡಿಕೆ ತಟ್ಟೆ ಹಿಡಿದೇ ಹೊರಗೆ ಬಂದ.

"ಗಾಡಿ ನಿಂತು ಮೂರು ತಿಂಗ್ಳಾಯ್ತು ಕಣಪ್ಪ. ಡೀಸೆಲ್ ಎಲ್ಲೈತೆ?"

ಲಾರಿ ಕೊಟ್ಟಿಗೆಯಲ್ಲಿತ್ತು. ಚಕ್ರಗಳನ್ನು ತೊಳೆದಿದ್ದರು. ಹಿಂದಿನ ಚಕ್ರ ಹತ್ತಿ ಇರುವೆಗಳು ಟ್ಯಾಂಕಿನವರೆಗೂ ಸಾಲುಗಟ್ಟಿದ್ದವು. ಹೊನ್ನಯ್ಯ ಮುಚ್ಚಳ ತೆಗೆದು ಬೆರಳು ಅದ್ದಿ ನೆಕ್ಕಿದ. ಆಮೇಲೆ ಲಾರಿಯ ಕೆಳಗೆ ತೂರಿದ. ಅಚ್ಚಿಗೆ ನೀಲಿ ಸೀರೆಯ ಚೂರು ಸುತ್ತಿಕೊಂಡಿತ್ತು. ಆ ಸೀರೆ ತಂದುಕೊಟ್ಟವನು ಅವನೇ. ಬಿಡಿಸಿ ಜೇಬಿಗೆ ಹಾಕಿಕೊಂಡು ಎದ್ದ.

"ಕಡ್ಲೆಕಾಯಿ ಎಣ್ಣೆ" ಎಂದ. ದನಿ ಏರಲಿಲ್ಲ. "ಹೊಂಗೆ ಎಣ್ಣೆ ಕಹಿ, ಇರುವೆ ಹತ್ರ ಬರಲ್ಲ. ರಸ್ತೇಲಿ ಸೋರಿದ್ದಕ್ಕೆ ಮುತ್ತಿದ್ವು. ಹೊಂಗೆ ಹೊಗೆ ಕಣ್ಣುರಿಸ್ತದೆ. ನೋಡ್ದೋನಿಗೆ ಹಪ್ಪಳದ ವಾಸ್ನೆ ಬಂತು. ಹಂಗಾದ್ರೆ ಬಾಬು ಜಾನ್ ಗಾಡಿ ಅಲ್ಲ. ಎಣ್ಣೇಲಿ ಓಡೋ ಗಾಡಿ ಇನ್ನೊಂದೇ ಇರೋದು. ಜನಕ್ಕೆ ಒಗ್ಗರಣೆಗೆ ಎಣ್ಣೆ ಇಲ್ಲ, ನೀನು ಲಾರಿಗೆ ಸುರ್ದಿದ್ದೀಯ. ಏನ್ ತುಂಬಿದ್ದೆ?"

ಸಿದ್ದರಾಮುವಿನ ಕೈಯಿಂದ ತಟ್ಟೆ ಜಾರಿತು. "ಬತ್ತ. ಮಳವಳ್ಳಿಯಿಂದ." ಕಂಟ್ರೋಲು ಕಾಲದಲ್ಲಿ ಕದ್ದು ಭತ್ತ ಸಾಗಿಸಿದರೆ ಜೈಲು. "ನಿಲ್ಸಿ ಇಳ್ದು ನೋಡ್ದೆ ಕಣಪ್ಪ. ಉಸ್ರಿತ್ತು. ಆಸ್ಪತ್ರೆಗೆ ಒಯ್ದ್ರೆ ಮೂಟೆ ಕಾಣ್ತವೆ ಅಂತ..."

"ಮಾತಾಡಿದ್ಲಾ?"

"'ಯಾರಪ್ಪ, ವಸಿ ಎತ್ತು' ಅಂದ್ಲು."

ಹೊನ್ನಯ್ಯ ಕೋಳ ತೊಡಿಸಿದ.

* * *

ಬಾಬು ಜಾನನನ್ನು ಬಿಟ್ಟು ಕಳಿಸಿದರು. ಹೊನ್ನಯ್ಯ ಚಿಕ್ಕರಸಿನಕೆರೆ ತಲಪಿದಾಗ ಹೊತ್ತು ಇಳಿದಿತ್ತು. ಅತ್ತೆ ದೇವಿರಮ್ಮ ಹೊಸ್ತಿಲಿಗೆ ಬಂದು ಅವನ ಬೆನ್ನ ಹಿಂದೆ ಕಣ್ಣು ಹಾಯಿಸಿದಳು.

"ಬಾರಪ್ಪ. ಚಲುವಿ ಇಂದ್ಗಡೆ ಬತ್ತಾವ್ಳಾ?"

ಹೊನ್ನಯ್ಯ ಟೋಪಿ ತೆಗೆದು ನೆಟ್ಟಗೆ ನಿಂತ. "ಈ ದಿನ ಬೆಳಗಿನ ಜಾವ, ಮದ್ದೂರು ರಸ್ತೆಯಲ್ಲಿ, ಒಂದು ಲಾರಿ ಹರಿದು ಒಬ್ಬ ಹೆಂಗಸು..." ಎಂದು ಸಾಹೇಬರಿಗೆ ಒಪ್ಪಿಸಿದಂತೆಯೇ ಹೇಳಿದ.

"ಯಾರ ಇಸ್ಯ ಏಳ್ತಿದ್ದೀಯಪ್ಪ?" ಎಂದಳು ದೇವಿರಮ್ಮ.

ಅವನು ಮತ್ತೆ ಮೊದಲಿನಿಂದ ಹೇಳತೊಡಗಿದ.