ಆರನೇ ಹಾಸಿಗೆಯ ಕರೆ

ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿ ಗುಂಡಿ ಒತ್ತಿದ ತಕ್ಷಣ ಅದರ ನಾಲ್ಕು ಪ್ರೊಸೆಸರ್‌ಗಳಲ್ಲಿ ಒಂದು ಕೈಲಿದ್ದ ಕೆಲಸ ಬಿಟ್ಟು ಓಗೊಡುತ್ತದೆ, ಆಗ ನರ್ಸ್ ಮೇಜಿನ ಮೇಲೆ ಗಂಟೆ ಹೊಡೆಯುತ್ತದೆ. ಆ ಬೆಳಿಗ್ಗೆ ಮೂರನೆಯದು ಕೈಕೊಟ್ಟಿತ್ತು. ಅದಕ್ಕೆ ಬರುವ ಕರೆಗಳನ್ನು ಉಳಿದವಕ್ಕೆ ತಿರುಗಿಸಿ ಅದನ್ನು ನಿಲ್ಲಿಸಿದೆ.

ಊಟ ಮುಗಿಸಿ ಬಂದು ಕರೆಗಳ ಪಟ್ಟಿ ನೋಡಿದೆ. ಆರನೇ ಹಾಸಿಗೆಯ ಕರೆಯನ್ನು ತಿರುಗಿಸುವುದನ್ನೇ ಮರೆತಿದ್ದೆ. ಆದರೂ, ನಿಂತುಹೋದ ಪ್ರೊಸೆಸರ್ ಏಳು ಸಲ ಓಗೊಟ್ಟಿದೆ ಎಂದು ಪಟ್ಟಿ ಹೇಳುತ್ತಿತ್ತು. ನೋಡುತ್ತಿದ್ದಂತೆಯೇ ಏಳು ಎಂಟಾಯಿತು.

ವಾರ್ಡಿಗೆ ಓಡಿದೆ. "ಬೆಳಿಗ್ಗೆಯಿಂದ ಆರರ ಗಂಟೇನೇ ಹೊಡೆದಿಲ್ಲಪ್ಪ. ಅಜ್ಜಿ ನಿದ್ದೆ ಮಾಡ್ತಿರಬೇಕು, ನಾನೂ ಆ ಕಡೆ ಹೋಗಿಲ್ಲ," ಎನ್ನುತ್ತಲೇ ನರ್ಸಕ್ಕ ನನ್ನ ಜೊತೆ ಬಂದರು.

ಅಜ್ಜಿ ಎಚ್ಚರವಾಗಿದ್ದರು. ಬಿಸಿಲು ಹಾಸಿಗೆಯ ಮೇಲೇ ಬಿದ್ದಿದ್ದರೂ ಆ ಮೂಲೆ ತಣ್ಣಗೆ ಕೊರೆಯುತ್ತಿತ್ತು.

"ಒತ್ತಿದಾಗೆಲ್ಲ ಬಂದ್ಲು, ಪುಣ್ಯಾತ್ಗಿತ್ತಿ. ನೀರು ಕುಡಿಸಿದ್ಲು. ಮಾತಿಲ್ಲ ಕತೆಯಿಲ್ಲ, ಕೈ ಮಾತ್ರ ಮಂಜುಗಡ್ಡೆ," ಎಂದರು.

ಹೊರಗೆ ಬಂದ ಮೇಲೆ ನರ್ಸಕ್ಕ ಒಂದೇ ಮಾತು ಹೇಳಿದರು. ಅಜ್ಜಿಗೆ ತಾವಾಗಿ ಮಗ್ಗುಲು ಬದಲಿಸಲು ಆಗದು. ಬೆಳಿಗ್ಗೆ ನರ್ಸಕ್ಕನೇ ಅವರನ್ನು ಗೋಡೆಯ ಕಡೆ ಮುಖ ಮಾಡಿಸಿ ಮಲಗಿಸಿದ್ದರಂತೆ.

ನಾವು ಹೋದಾಗ ಅಜ್ಜಿಯ ಮುಖ ಕಿಟಕಿಯ ಕಡೆಗಿತ್ತು.