ತೆಗೆಯದೆ ಬಿಟ್ಟ ಕೀಲಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಲಿಫ್ಟ್ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟ.

ಅವನ ಕಂಪನಿಯಲ್ಲಿ ಲಿಫ್ಟ್ ನಡೆಸುವ ಕೋಡ್ ಬರೆಯುವವರಿಗೆ ಒಂದು ಎಐ ಟೂಲ್ ಇತ್ತು. ಕಂಪನಿಯ ಖಾಸಗಿ ದಾಖಲೆಗಳನ್ನು ಜೋಡಿಸಿಕೊಟ್ಟರೆ, ಅವನ್ನು ಓದಿ ಕೇಳಿದ್ದಕ್ಕೆ ಉತ್ತರ ಹೇಳುತ್ತಿತ್ತು. ಹಾಗೆ ಜೋಡಿಸಲು ಕೀಲಿ, ಅಂದರೆ ಒಂದು ಗುಪ್ತ ಸಂಕೇತ, ಬೇಕಿತ್ತು. ಶನಿವಾರದಿಂದ ಲಿಫ್ಟಿನ ಬಾಗಿಲಿನ ಕೋಡ್ ಬಗ್ಗೆ ಏನೇ ಕೇಳಿದರೂ ಒಂದೇ ಉತ್ತರ: 'ಈ ಕೋಡಿನಲ್ಲಿ ದೋಷವಿದೆ. ಇದರಿಂದ ಮೆಕ್ಯಾನಿಕ್ ಒಬ್ಬನ ಬಲಗೈ ಹೋಗಿದೆ. ಆಧಾರ: ಅಪಘಾತದ ವರದಿ.' ಮ್ಯಾನೇಜರ್ ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದ ವರದಿಯನ್ನು ಯಾರೋ ಟೂಲ್‌ಗೆ ಜೋಡಿಸಿದ್ದರು.

ದಾಖಲೆ ಕಳವೆಂದು ಎಫ್‌ಐಆರ್ ಆಯಿತು. ಕಂಪ್ಯೂಟರ್ ಎಂದರೆ ಇನ್ಸ್‌ಪೆಕ್ಟರ್‌ಗೆ ಅಷ್ಟಕ್ಕಷ್ಟೇ. ಅವನು ಮಹಿಳಾ ಕಾನ್‌ಸ್ಟೇಬಲ್ ಜೊತೆ ಕಂಪನಿಗೆ ಹೋಗಿ, ಟೂಲ್ ನೋಡಿಕೊಳ್ಳುವ ಎಂಜಿನಿಯರನ್ನು ಕೂರಿಸಿಕೊಂಡ.

"ಯಾರ ಕೀಲಿಯಿಂದ ಜೋಡ್ಸಿದ್ದಾರೆ?"

"ಹಳೇ ಮೇಡಂದು ಸಾರ್. ದಾಖಲೆ ಎಲ್ಲಾ ಅವರೇ ನೋಡ್ಕೋತಿದ್ರು. ಹೋದ ತಿಂಗಳು ಕೆಲಸದಿಂದ ತೆಗೆದ್ರು."

"ಮನುಷ್ಯರನ್ನ ತೆಗೆದೋರು ಕೀಲಿ ಯಾಕೆ ತೆಗೀಲಿಲ್ಲ?"

"ಎಲ್ಲಾ ಅವರ ಕೀಲಿಯಿಂದಾನೇ ಜೋಡ್ಸಿರೋದು. ಅದನ್ನ ತೆಗೆದ್ರೆ ಟೂಲ್ ಖಾಲಿ. ಮತ್ತೆ ಜೋಡ್ಸೋಕೆ ನಮಗ್ಯಾರಿಗೂ ಬರಲ್ಲ."

"ಕಳ್ಳನ ಕೈಗೆ ಕೀಲಿ ಕೊಟ್ಟು ಕೂತಿದ್ದೀರಿ," ಎಂದಳು ಕಾನ್‌ಸ್ಟೇಬಲ್.

ವರದಿಯನ್ನು ಮುದ್ರಿಸಿ, ಇಬ್ಬರು ಪಂಚರ ಎದುರು ಪಂಚನಾಮೆ ಮಾಡಲಾಯಿತು.

"ಇದು ನಿಮ್ಮ ಕಂಪನಿದೇ ತಾನೆ?" ಇನ್ಸ್‌ಪೆಕ್ಟರ್ ಮ್ಯಾನೇಜರನ್ನು ಕೇಳಿದ.

"ನಮ್ಮದೇ ಸಾರ್, ಅಸಲಿ. ಅದಕ್ಕೇ ದೂರು ಕೊಟ್ಟಿದ್ದು."

"ಇದರಲ್ಲಿ ಬರೆದಿರೋದು?"

ಕುಂಬಳಕಾಯಿ ಕಳ್ಳನಂತೆ ಮ್ಯಾನೇಜರ್ ಹೆಗಲು ಮುಟ್ಟಿಕೊಂಡ. ಆದರೂ ಸಹಿ ಹಾಕಿದ.

ಮಧ್ಯಾಹ್ನ ಮೂರಕ್ಕೆ ಆ ಹಳೇ ಮೇಡಂ ಮನೆ. ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆಗೆದಳು. ಒಳಗೆ ಮಂಚದ ಮೇಲೆ ಆಕೆಯ ತಮ್ಮ, ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ.

"ಜೋಡ್ಸಿದ್ದು ನೀವೇನಾ?"

"ನಾನೇ."

"ಪತ್ರಿಕೆಯವರಿಗೆ ಕೊಡಬಹುದಿತ್ತಲ್ಲಮ್ಮ."

"ಕೊಟ್ಟಿದ್ರೆ ಮ್ಯಾನೇಜರ್ ವರದೀನೇ ಸುಳ್ಳು ಅಂತಿದ್ದ. ತಪ್ಪೆಲ್ಲ ನನ್ನ ತಮ್ಮಂದೇ ಅಂತ ಅವನ ಕೈಲೇ ಬರೆಸ್ಕೊಂಡೋನು. ಕೇಳಿದ್ದಕ್ಕೆ ನನ್ನನ್ನೂ ತೆಗೆದ. ಅದಕ್ಕೇ, ಕಳುವಾಯ್ತು ಅಂತ ಅವನಾಗೇ ಬರಲಿ ಅಂತ ಕಾದೆ. ನಮ್ಮದೇ ಅಂತ ಸಹಿ ಹಾಕಿದ್ನಾ?"

"ಹಾಕಿದ."

"ಹಾಗಾದ್ರೆ ನಡೀರಿ."

ಅವಳ ಮುಖದಲ್ಲಿ ಭಯವಿರಲಿಲ್ಲ. ಹೊಟ್ಟೆ ತಣ್ಣಗಾಗಿತ್ತು.

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ 'ಸೇಡು' ಎಂದು ಬರೆದ. ಆಮೇಲೆ, ಸಹಿ ಹಾಕಿ ಒಪ್ಪಿಕೊಂಡ ಅದೇ ವರದಿಯ ಆಧಾರದ ಮೇಲೆ, ಮ್ಯಾನೇಜರ್ ಮೇಲೆ ಎರಡನೇ ಎಫ್‌ಐಆರ್‌ಗೆ ಹಾಳೆ ತರಿಸಿದ. ಅದರ ದೂರುದಾರ ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡ. ಎಡಗೈಯಲ್ಲಿ ಬರೆಯುವುದನ್ನು ಅವನಿಗೆ ಅಕ್ಕ ಆಗಷ್ಟೇ ಕಲಿಸತೊಡಗಿದ್ದಳು.